ಕೊಡಗಿನ ಮಳೆ, ಚಳಿಗೆ ತಕ್ಕ ಗೋಬರ್ ಗ್ಯಾಸ್

ಸಿಲಿಂಡರ್ ಬಳಕೆ ತಗ್ಗಿಸಲು ಕೊಡಗಿನಲ್ಲಿ ಗೋಬರ್ ಗ್ಯಾಸ್ ಕಟ್ಟುವುದಾದರೆ ಜನವರಿಯಲ್ಲೇ ಗುಂಡಿ ತೆಗೆಸಿ. ಗ್ಯಾಸ್ ಸೇರುವ ಗುಮ್ಮಟ ಕ್ಯೂರಿಂಗ್ ಆಗಿ (ನೀರುಣಿಸಿ ಗಟ್ಟಿಯಾಗಿ) ಮಾರ್ಚ್ ಬಿಸಿಲಿಗೆ ಸಗಣಿ ತುಂಬಿದರೆ, ಜೂನ್ ಮಳೆ ಹಿಡಿಯುವಷ್ಟರಲ್ಲಿ ಒಳಗೆ ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಬಲಿತಿರುತ್ತವೆ. ಮಳೆಗಾಲದಲ್ಲಿ ತುಂಬಿಸಿದ್ದು ಬಹಳ ಸತಾಯಿಸುತ್ತದೆ.

ಐದಾರು ಜನರ ಮನೆಗೆ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿ (ನೆಲದಡಿ ಕಟ್ಟುವ ಸ್ಥಿರ ಗುಮ್ಮಟದ್ದು) ಸಾಕು. ದಿನಕ್ಕೆ 50 ಕೆಜಿ ಹಸಿ ಸಗಣಿ, 50 ಲೀಟರ್ ನೀರು ಬೇಕು. ಕೊಟ್ಟಿಗೆಯಲ್ಲೇ ಕಟ್ಟುವ ಮಿಶ್ರತಳಿ ಹಸು ನಾಲ್ಕೈದಿದ್ದರೆ ಇಷ್ಟು ಸಿಗುತ್ತದೆ. ಮೇಯಲು ಬಿಡುವ ಮಲೆನಾಡು ಗಿಡ್ಡ ತಳಿಯ ಹಸು ನಾಲ್ಕೈದೇ ಇದ್ದರೆ ಸಾಲದು, 1 ಘನ ಮೀಟರಿನದೇ ಕಟ್ಟಿ. ದೊಡ್ಡದು ಕಟ್ಟಿ ಅರೆಹೊಟ್ಟೆ ಹಾಕಬೇಡಿ. ಒಂದು ಘನ ಮೀಟರ್ ಅನಿಲ ಸುಮಾರು 0.45 ಕೆಜಿ ಎಲ್‌ಪಿಜಿಗೆ ಸಮ.

ಜಾಗದ ವಿಷಯದಲ್ಲಿ ರಾಜಿ ಬೇಡವೇ ಬೇಡ. ತೋಟದ ನೆರಳಿನಲ್ಲಿ ಗುಮ್ಮಟ ಬಿಸಿಯಾಗುವುದಿಲ್ಲ, ಸಿಲ್ವರ್ ಓಕ್ ಬೇರು ಗೋಡೆ ಸೀಳುತ್ತದೆ. ಗದ್ದೆ ಬದಿಯ ತಗ್ಗಿನಲ್ಲಿ ಆಷಾಢದ ಒರತೆ ತಳವನ್ನೇ ಎತ್ತಿಬಿಡಬಹುದು. ಅಡುಗೆಮನೆಗೆ ಹತ್ತಿರದ, ಬಾವಿಯಿಂದ 15 ಮೀಟರ್ ದೂರದ ಎತ್ತರದ ಜಾಗ ನೋಡಿ, ಸುತ್ತ ಚರಂಡಿ ತೋಡಿ. ಕಲಸುವ ತೊಟ್ಟಿಗೆ ಮುಚ್ಚಳ ಹಾಕಿಸಿ, ಮಳೆನೀರು ಸೇರಿ ಸಗಣಿ ತೆಳುವಾದರೆ ಗ್ಯಾಸ್ ಇಳಿಯುತ್ತದೆ.

2 ಘನ ಮೀಟರಿನದಕ್ಕೆ ಮೊದಲ ಸಲ ತುಂಬಲು ಸುಮಾರು 2 ಟನ್ ಸಗಣಿ, ಅಷ್ಟೇ ನೀರು. ಕಲ್ಲು, ಹುಲ್ಲು ಆರಿಸಿ, ಗಂಟಿಲ್ಲದಂತೆ ಕಲಸಿ. ಮೊದಲು ಬರುವ ಗ್ಯಾಸಿನಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು, ಹೊತ್ತುವುದಿಲ್ಲ. ಹತ್ತಿರ ಬೆಂಕಿ ಇಲ್ಲದಂತೆ ನೋಡಿಕೊಂಡು ಹೊರಗೆ ಬಿಟ್ಟುಬಿಡಿ. ಉರಿ ಪರೀಕ್ಷೆ ಒಲೆಯಲ್ಲೇ ಆಗಲಿ. ಗುಮ್ಮಟದ ಪೈಪಿಗೆ ಕಡ್ಡಿ ಗೀರಿದರೆ ಸ್ಫೋಟವಾದೀತು.

ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಬೇಯುವಾಗ ಉರಿ ದಪದಪ ಎಂದು ಏರಿಳಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ. 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು, ತಗ್ಗಿನ ತುದಿಯಲ್ಲಿ ನೀರು ಬಿಡುವ ನಲ್ಲಿ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆಯಿರಿ.

ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಹಿತ. 20ಕ್ಕಿಂತ ಇಳಿದರೆ ಮಂಕಾಗುತ್ತವೆ. ಮಡಿಕೇರಿ, ಭಾಗಮಂಡಲದ ಕಡೆ ಗುಮ್ಮಟದ ಮಣ್ಣಿನ ಮೇಲೆ ಹುಲ್ಲು, ಕೊಟ್ಟಿಗೆ ಗೊಬ್ಬರ ದಪ್ಪಗೆ ಹೊದಿಸಿ. ಬಿಸಿಲಿರುವ ದಿನ ಬಿಸಿಲಿಗೆ ಕಾದ ನೀರಿನಲ್ಲೇ ಸಗಣಿ ಕಲಸಿ. ಆಟಿ ತಿಂಗಳಿಗೆ (ಜುಲೈ-ಆಗಸ್ಟ್ ಜಡಿಮಳೆಗೆ) ಒಂದು ಸಿಲಿಂಡರ್ ಇಟ್ಟುಕೊಳ್ಳುವುದೇ ವಿವೇಕ.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ನೀರು ಹುಳಿ, ತೊಟ್ಟಿಗೆ ಬಿಡಬೇಡಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರೂ ಬೇಡ. ಹುಳಿಯೇರಿ ಉರಿ ಹತ್ತದಿದ್ದರೆ ಕೆಲವು ದಿನ ಸಗಣಿ ನಿಲ್ಲಿಸಿ, ಸುಣ್ಣದ ತಿಳಿ ಸ್ವಲ್ಪ ಸ್ವಲ್ಪವೇ ಹಾಕಿ. ಹೊರಬರುವ ಬಗ್ಗಡವನ್ನು ಜಡಿಮಳೆಯಲ್ಲಿ ಗಿಡಕ್ಕೆ ಹಾಕಿದರೆ ತೋಡಿಗೆ ಹೋಗುತ್ತದೆ. ಕಾಫಿ ಸಿಪ್ಪೆಯೊಂದಿಗೆ ಸೂರಿನಡಿ ಗೊಬ್ಬರ ಮಾಡಿ, ಮಳೆ ಬಿಟ್ಟ ಮೇಲೆ ಬುಡಕ್ಕೆ ಕೊಡಿ.