ಟ್ಯೂಡರ್ ಮನೆಗೆ ಹೊರಗಡೆ ಯಾವ ಬಣ್ಣ? ಮೊದಲು ಇಟ್ಟಿಗೇನ ಕೇಳಿ

ಟ್ಯೂಡರ್ ಮನೆ ಅಂದ ತಕ್ಷಣ ಎಲ್ಲರ ಕಣ್ಮುಂದೆ ಬರೋದು ಒಂದೇ ಚಿತ್ರ. ಬೆಳ್ಳಗಿನ ಗೋಡೆ, ಅದರ ಮೇಲೆ ಅಡ್ಡ, ಉದ್ದ, ಓರೆಯಾಗಿ ಕರೀ ಮರದ ಪಟ್ಟಿಗಳು, ತಲೆ ಮೇಲೆ ಕಡಿದಾದ ಛಾವಣಿ. ಹಾಗಾಗಿ ಪೇಂಟ್ ಹೊಡೆಸೋ ಟೈಮ್ ಬಂದಾಗ ಬಹಳ ಜನ ತಲೆನೇ ಕೆಡಿಸಿಕೊಳ್ಳಲ್ಲ, ಅಂಗಡಿಗೆ ಹೋಗಿ ಇರೋದ್ರಲ್ಲೇ ಅಚ್ಚ ಬಿಳಿ ಒಂದು, ಕಡುಗಪ್ಪು ಒಂದು ತಂದು ಹೊಡೆಸಿಬಿಡ್ತಾರೆ, ಆಮೇಲೆ ರಸ್ತೆಯಲ್ಲಿ ನಿಂತು ನೋಡಿದ್ರೆ ಕಾಣ್ಸೋದು ಮನೆ ಅಲ್ಲ, ಬರೀ ಪಟ್ಟೆ.

ಆ ಕಪ್ಪು-ಬಿಳುಪು ಏನೋ ಶಾಸ್ತ್ರದಲ್ಲಿ ಬರೆದಿಟ್ಟಿದ್ದು ಅಂದ್ಕೋಬೇಡಿ. ಇಂಗ್ಲೆಂಡ್‌ನಲ್ಲಿ ಟ್ಯೂಡರ್ ರಾಜರು ಆಳಿದ್ದು 1485ರಿಂದ 1603ರ ತನಕ. ಆಗಿನ ಮನೆಗಳಿಗೆ ಓಕ್ ಮರದ ತೊಲೆ ಕಂಬಗಳೇ ಅಸ್ಥಿಪಂಜರ, ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸಗಣಿ ಮೆತ್ತಿ ಮೇಲೆ ಸುಣ್ಣ ಬಳೀತಿದ್ರು. ಸುಣ್ಣಕ್ಕೆ ಕೆಮ್ಮಣ್ಣೋ ಹಳದಿ ಮಣ್ಣೋ ಬಿದ್ರೆ ಗೋಡೆ ತಿಳಿ ಗುಲಾಬಿಗೋ ಮಾಸಲು ಹಳದಿಗೋ ತಿರುಗ್ತಿತ್ತು, ಪೂರ್ವ ಇಂಗ್ಲೆಂಡಿನ ಸಫೋಕ್ ಕಡೆ ಇವತ್ತಿಗೂ ‘ಸಫೋಕ್ ಪಿಂಕ್’ ಅಂತ ಒಂದು ಬಣ್ಣಾನೇ ಇದೆ. ಓಕ್ ಮರಕ್ಕೆ ಎಷ್ಟೋ ಕಡೆ ಏನೂ ಹಚ್ತಾನೇ ಇರಲಿಲ್ಲ, ಬಿಸಿಲು ಮಳೆಗೆ ಅದೇ ಬೆಳ್ಳಿಬೂದಿ ಬಣ್ಣಕ್ಕೆ ಬರ್ತಿತ್ತು. ಅದೇ ಸಫೋಕ್‌ನ ಲ್ಯಾವನ್ಹಮ್ ಊರಲ್ಲಿ 1530ರ ಆಸುಪಾಸಿನ, ಸಂಘದವರು ಸಭೆ ಸೇರೋಕೆ ಕಟ್ಟಿಸಿದ ಗಿಲ್ಡ್‌ಹಾಲ್ ಕಟ್ಟಡ ಇದೆ, ಅದರ ಮರ ನೋಡಿದ್ರೆ ಗೊತ್ತಾಗುತ್ತೆ, ಕಪ್ಪಿನ ಸುಳಿವೇ ಇಲ್ಲ. ಮರಕ್ಕೆ ಟಾರು ಬಳಿದು ಕರ್ರಗೆ ಮಾಡೋ ಶೋಕಿ ಜೋರಾಗಿದ್ದು 19ನೇ ಶತಮಾನದಲ್ಲಿ, ವಿಕ್ಟೋರಿಯಾ ರಾಣಿ ಕಾಲದವರ ಕೈಯಲ್ಲಿ.

ಇನ್ನು ನಮ್ಮಲ್ಲಿ ಹೆಚ್ಚಿನವರು ಟ್ಯೂಡರ್ ಮನೆ ಅಂತ ಕರೆಯೋದು ಆ ಕಾಲದ್ದಲ್ಲ, ಅದನ್ನ ನೋಡಿ ಆಮೇಲೆ ಕಟ್ಟಿದ್ದು. ಇಂಗ್ಲೆಂಡ್‌ನಲ್ಲಿ 19ನೇ ಶತಮಾನದ ಎರಡನೇ ಅರ್ಧದಿಂದ, ಅಮೆರಿಕದಲ್ಲಿ ಸುಮಾರು 1890ರಿಂದ 1940ರ ತನಕ, ಅದರಲ್ಲೂ 1920ರ ದಶಕದಲ್ಲಿ ಹೇರಳವಾಗಿ ಕಟ್ಟಿದ್ರು. ಇವುಗಳಲ್ಲಿ ಬಹಳಷ್ಟಕ್ಕೆ ಹೊರಗಡೆ ಕಾಣೋ ಮರ ಮನೆ ಭಾರ ಹೊರಲ್ಲ, ಗೋಡೆ ಮೇಲೆ ಮೊಳೆ ಹೊಡೆದು ಕೂರಿಸಿದ ಹಲಗೆ ಅಷ್ಟೇ. ಈ ಮಾತು ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಮೊದಲು: ಬದಲಾಗದೇ ಇರೋದೇನು ಅಂತ ನೋಡಿ

ಶೇಡ್ ಕಾರ್ಡ್ ಆಮೇಲೆ ತೆಗೀರಿ. ಮೊದಲು ಮನೆ ಎದುರು ನಿಂತ್ಕೊಂಡು ನೀವು ಪೇಂಟ್ ಹೊಡೆಯದೇ ಇರೋದೇನೇನಿದೆ ಅಂತ ಒಂದು ಪಟ್ಟಿ ಮಾಡಿ. ಛಾವಣಿ, ಕೆಳಗಿನ ಅಂತಸ್ತಿನ ಇಟ್ಟಿಗೆ, ಕಲ್ಲಿನ ಕಮಾನು, ಚಿಮಣಿ, ಮಳೆನೀರು ಹರಿಯೋ ತಾಮ್ರದ ದೋಣಿ ಇದ್ರೆ ಅದು. ಇವೆಲ್ಲ ಸೇರಿ ಅರ್ಧ ಮನೆ ಆಗೋಯ್ತು, ಅಂದ್ರೆ ಅರ್ಧ ಬಣ್ಣ ಆಗಲೇ ಯಾರೋ ಆರಿಸಿ ಹೋಗಿದ್ದಾರೆ, ನಿಮ್ಮ ಕೆಲಸ ಅದಕ್ಕೆ ಹೊಂದಿಸೋದು.

ಇಟ್ಟಿಗೆ ಕೆಂಪು ಅಂತ ಬಾಯಲ್ಲಿ ಹೇಳಿಬಿಡ್ತೀವಿ, ಹತ್ತಿರ ಹೋಗಿ ನೋಡಿ. ಒಂದು ಬಿಳಿ ಹಾಳೆ ತಗೊಂಡು ಇಟ್ಟಿಗೆ ಪಕ್ಕಕ್ಕೆ ಒತ್ತಿ ಹಿಡೀರಿ, ಆಗ ಒಳಗಿರೋ ಬಣ್ಣ ಹೊರಗೆ ಬರುತ್ತೆ, ಕೆಲವು ಇಟ್ಟಿಗೆ ಕಿತ್ತಳೆ ಕಡೆ ವಾಲಿರುತ್ತೆ, ಕೆಲವು ನೇರಳೆ ಕಡೆ, ಸುಟ್ಟು ಹೋದ ತುದಿಗಳಲ್ಲಿ ಇದ್ದಿಲಿನ ಬಣ್ಣಾನೂ ಇರುತ್ತೆ. ಆಮೇಲೆ ಎರಡು ಇಟ್ಟಿಗೆ ನಡುವಿನ ಗಾರೆ ಗೆರೆ ನೋಡಿ. ನನ್ನ ಕೇಳಿದ್ರೆ ಇಡೀ ಲೇಖನದಲ್ಲಿ ಇದೊಂದು ಇಟ್ಕೊಂಡ್ರೆ ಸಾಕು, ಮೇಲಿನ ಅಂತಸ್ತಿನ ಗೋಡೆಗೆ ಬೇಕಾದ ಬಣ್ಣ ಬಹಳ ಸಲ ಆ ಬೆರಳಗಲದ ಗೆರೆಯಲ್ಲೇ ಇರುತ್ತೆ. ಅದು ಮರಳಿನ ಬಣ್ಣ ಇರಬಹುದು, ಮಾಸಿದ ಕೆನೆ ಇರಬಹುದು, ಅದಕ್ಕಿಂತ ಒಂದು ಮೆಟ್ಟಿಲು ತಿಳಿಯದನ್ನ ಮೇಲೆ ಹಾಕಿದ್ರೆ ಕೆಳಗಿನ ಇಟ್ಟಿಗೆಗೂ ಮೇಲಿನ ಗೋಡೆಗೂ ನೆಂಟಸ್ತಿಕೆ ಕುದುರುತ್ತೆ. ಗೆರೆ ಮೇಲೆ ಹೊಗೆ ಮಸಿ ಕೂತಿದ್ರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿದ ಮೇಲೆ ನೋಡಿ, ಇಲ್ಲಾಂದ್ರೆ ಕೊಳೆಗೆ ಮ್ಯಾಚಿಂಗ್ ಮಾಡ್ದಂಗಾಗುತ್ತೆ.

ಗೋಡೆ ಬಣ್ಣ

ಹೊರಗಡೆ ಬಿಸಿಲಿಗೆ ಯಾವ ಬಣ್ಣ ಆದ್ರೂ ಕಾರ್ಡಲ್ಲಿ ಕಂಡಿದ್ದಕ್ಕಿಂತ ತಿಳಿಯಾಗಿ ಕಾಣುತ್ತೆ. ಕಾರ್ಡಲ್ಲಿ ‘ಅಯ್ಯೋ ಸ್ವಲ್ಪ ಮಂಕಾಯ್ತೇನೋ’ ಅನ್ಸೋದು ಗೋಡೆಗೆ ಹೋದ್ಮೇಲೆ ಸರಿಯಾಗಿ ಕೂರುತ್ತೆ, ಕಾರ್ಡಲ್ಲೇ ಬೆಳ್ಳಗಿದ್ದದ್ದು ಮಧ್ಯಾಹ್ನದ ಹೊತ್ತು ಕಣ್ಣು ಕುಕ್ಕುತ್ತೆ. ಒಳ್ಳೆ ಶೇಡ್ ಕಾರ್ಡಿನ ಹಿಂದೆ ಎಲ್‌ಆರ್‌ವಿ ಅಂತ ಒಂದು ನಂಬರ್ ಇರುತ್ತೆ, ಆ ಬಣ್ಣ ಬೆಳಕನ್ನ ಎಷ್ಟು ವಾಪಸ್ ಎಸೆಯುತ್ತೆ ಅನ್ನೋ ಲೆಕ್ಕ, ಕಡುಗಪ್ಪು ಅಂದ್ರೆ 0, ಅಚ್ಚ ಬಿಳಿ ಅಂದ್ರೆ 100. ಟ್ಯೂಡರ್ ಗೋಡೆಗೆ ನಾನಾದ್ರೆ 55ರಿಂದ 75ರ ನಡುವೆ ಹುಡುಕ್ತೀನಿ. ಕೆನೆ, ದಂತದ ಬಣ್ಣ, ಮರಳು, ಬೆಚ್ಚಗಿನ ತಿಳಿಬೂದು ಎಲ್ಲ ಇಲ್ಲೇ ಸಿಗುತ್ತೆ.

ಕೆನೆ ಬಣ್ಣದಲ್ಲೂ ಮೋಸ ಹೋಗೋದಿದೆ. ಗೆಳೆಯರೊಬ್ಬರು ಟ್ಯೂಬ್‌ಲೈಟ್ ಕೆಳಗೆ ನೋಡಿ ಒಪ್ಪಿದ ಕೆನೆ ಬಣ್ಣ ಮೇಲಿನ ತ್ರಿಕೋನ ಗೋಡೆಗೆ ಹೊಡೆದ್ಮೇಲೆ ಸಂಜೆ ನಾಲ್ಕರ ಬಿಸಿಲಿಗೆ ಬೆಣ್ಣೆ ಹಳದಿಯಾಗಿ ಹೊಳೀತು, ಕೆಳಗಿನ ಇಟ್ಟಿಗೆಯಲ್ಲಿ ನೇರಳೆ ಛಾಯೆ ಇತ್ತಲ್ಲ, ಎರಡಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಆಮೇಲೆ ಅದನ್ನೇ ಬೂದು ಕಡೆ ಸ್ವಲ್ಪ ಎಳೆದು ಇನ್ನೊಂದು ಕೋಟ್ ಹೊಡೆಸಿದ್ರು, ಸರಿಹೋಯ್ತು, ಆದ್ರೆ ಅಟ್ಟಣೆ ಕಟ್ಟಿದ್ದಕ್ಕೆ ಎರಡನೇ ಸಲ ದುಡ್ಡು ಕೊಟ್ಟಿದ್ದು ಕೊಟ್ಟಿದ್ದೇ.

ಮರದ ಪಟ್ಟಿ

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಗೋಡೆಗೂ ಮರಕ್ಕೂ ಅಂತರ ಜಾಸ್ತಿ ಆದಷ್ಟೂ ಕಣ್ಣು ಮೊದಲು ಪಟ್ಟಿ ಮೇಲೇ ಹೋಗುತ್ತೆ. ನಿಮ್ಮ ಮನೆ ಪಟ್ಟಿಗಳು ಅಗಲವಾಗಿ, ದಪ್ಪವಾಗಿ, ಜೋಡಣೆ ಚೆನ್ನಾಗಿದ್ರೆ ಎದ್ದು ಕಾಣ್ಲಿ, ಪರವಾಗಿಲ್ಲ. ಮೊದಲೇ ಹೇಳಿದ್ನಲ್ಲ ಮೊಳೆ ಹೊಡೆದ ಹಲಗೆ ಅಂತ, ಅದು ನಾಲ್ಕು ಇಂಚಿನ ಸಣಕಲು ಹಲಗೆ ಆಗಿದ್ರೆ ಅದಕ್ಕೆ ಕಡುಗಪ್ಪು ಹೊಡೆದು ‘ನೋಡಿ ನಾನು ಸುಳ್ಳು ತೊಲೆ’ ಅಂತ ಊರಿಗೆಲ್ಲ ಸಾರೋದ್ಯಾಕೆ, ಗೋಡೆಗಿಂತ ಎರಡು ಮೂರು ಮೆಟ್ಟಿಲು ಮಾತ್ರ ಗಾಢವಾದ ಮಣ್ಣುಕಂದು ಅಥವಾ ಬೂದುಗಂದು ಹಾಕಿ, ತಾನಾಗೇ ಗೋಡೆಯೊಳಗೆ ಸೇರ್ಕೊಳ್ಳುತ್ತೆ.

ಕೆಂಪು ಇಟ್ಟಿಗೆ, ಕಂದು ಛಾವಣಿ ಇದ್ರೆ ಕಾಫಿ ಬೀಜದ ಬಣ್ಣ ಕೈ ಬಿಡಲ್ಲ. ನೀಲಿಬೂದು ಸ್ಲೇಟ್ ಕಲ್ಲಿನ ಛಾವಣಿ ಇದ್ರೆ ಇದ್ದಿಲಿನ ಬೂದು, ಅಥವಾ ಹಳೇ ಓಕ್ ಥರದ ಬೆಳ್ಳಿಬೂದಿ. ಕಪ್ಪೇ ಬೇಕು ಅನ್ನೋ ಹಠ ಇದ್ರೆ ಅಚ್ಚಗಪ್ಪು ಬೇಡ, ಕಂದು ಬೆರೆತ ಕಪ್ಪು ತಗೊಳ್ಳಿ. ಇದು ಬರೀ ಚಂದದ ಮಾತಲ್ಲ. ಗಾಢ ಬಣ್ಣ ಬಿಸಿಲನ್ನ ಹೀರಿ ಕಾಯುತ್ತೆ, ರಾತ್ರಿ ತಣ್ಣಗಾಗುತ್ತೆ, ಮರ ಒಣಗೋದು ಹಿಗ್ಗೋದು ಜಾಸ್ತಿ ಆಗಿ ಹಲಗೆಗೂ ಗಾರೆಗೂ ನಡುವೆ ಕೂದಲೆಳೆ ಬಿರುಕು ಬಿಡುತ್ತೆ, ಮಳೆನೀರು ಅಲ್ಲಿಂದ ಒಳಗೆ ಹೋಗಿ ಹಲಗೆ ಹಿಂದೆ ಕೂತ್ಕೊಂಡು ಮರ ಕೊಳೆಯುತ್ತೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಅದಕ್ಕೇ ಬಣ್ಣ ಆರಿಸೋಕೆ ಮುಂಚೆನೇ ಒಂದು ಸ್ಕ್ರೂಡ್ರೈವರ್ ತುದಿಯಿಂದ ಹಲಗೆಗಳ ಕೆಳತುದಿಗಳನ್ನ ಒತ್ತಿ ನೋಡಿ, ಬೆಂಡಿನ ಥರ ಒಳಗೆ ಹೋದ್ರೆ ಮೊದಲು ಬಡಗಿ, ಆಮೇಲೆ ಪೇಂಟರ್.

ಕಿಟಕಿ, ದೋಣಿ, ಬಾಗಿಲು

ಕಿಟಕಿ ಚೌಕಟ್ಟಿಗೆ ಮರದ ಪಟ್ಟಿ ಬಣ್ಣಾನೇ ಹಾಕಿದ್ರೂ ಆಯ್ತು, ಅದಕ್ಕಿಂತ ಒಂದು ಛಾಯೆ ಗಾಢ ಮಾಡಿದ್ರೂ ಆಯ್ತು. ಸೀಸದ ಪಟ್ಟಿ ಕೂಡಿಸಿದ ಸಣ್ಣ ಸಣ್ಣ ಗಾಜಿನ ಕಿಟಕಿಗೆ ಬಿಳಿ ಚೌಕಟ್ಟು ಮಾತ್ರ ಬೇಡ, ಆ ಗಾಜಿನ ಚಂದ ಎಲ್ಲ ಬಿಳಿ ನುಂಗಿಬಿಡುತ್ತೆ. ಮಳೆನೀರಿನ ದೋಣಿ ಪೈಪುಗಳು ಯಾವುದರ ಮುಂದೆ ಹಾದು ಹೋಗುತ್ತೋ ಅದರ ಬಣ್ಣ ಹೊಡೀರಿ, ಮಾಯ ಆಗೋಗುತ್ತೆ.

ಆಟ ಆಡೋಕೆ ಜಾಗ ಅಂದ್ರೆ ಮುಂಬಾಗಿಲು ಒಂದೇ. ಕಡು ಹಸಿರು, ವೈನ್ ಕೆಂಪು, ಮಬ್ಬು ನೀಲಿ, ನಿಮ್ಮಿಷ್ಟ. ಒಳ್ಳೆ ಓಕ್ ಬಾಗಿಲಾಗಿದ್ರೆ ಮಾತ್ರ ಪೇಂಟ್ ಡಬ್ಬ ಅತ್ಲಾಗಿಟ್ಟು ಎಣ್ಣೆ ಹಚ್ಚಿ ಬಿಡಿ, ಪ್ಲೀಸ್.

ಸ್ಯಾಂಪಲ್ ಹೊಡೆಯೋದು

ಅಂಗೈ ಅಗಲದ ಪ್ಯಾಚಲ್ಲಿ ಏನೂ ಗೊತ್ತಾಗಲ್ಲ. ಎರಡಡಿ ಚೌಕದ ಬೋರ್ಡ್ ತಗೊಂಡು ಗೋಡೆ ಬಣ್ಣ ಎರಡು ಕೋಟ್ ಹೊಡೀರಿ, ನಡುವೆ ಮರದ ಬಣ್ಣದ ಒಂದು ಪಟ್ಟಿ ಎಳೀರಿ, ಯಾಕಂದ್ರೆ ಈ ಮನೆಯಲ್ಲಿ ಎರಡೂ ಬಣ್ಣ ಯಾವಾಗ್ಲೂ ಜೊತೆಗೇ ಕಾಣೋದು. ಆ ಬೋರ್ಡನ್ನ ಇಟ್ಟಿಗೆಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ, ಬಿಸಿಲು ಬೀಳೋ ಕಡೆ ಒಂದ್ಸಲ, ನೆರಳಿನ ಕಡೆ ಒಂದ್ಸಲ, ಮೋಡದ ದಿನ ಸಿಕ್ಕಿದ್ರೆ ಆಗ್ಲೂ ಒಂದ್ಸಲ. ನೆರಳಲ್ಲಿ ಬೂದು ಬಣ್ಣ ನೀಲಿಗೆ ತಿರುಗೋದನ್ನ ನೋಡಿದ್ರೆ ಆಶ್ಚರ್ಯ ಆಗುತ್ತೆ. ಕೊನೆಗೆ ರಸ್ತೆ ಆಚೆ ಬದಿಗೆ ಹೋಗಿ ನೋಡಿ, ಜನ ನೋಡೋದು ಅಲ್ಲಿಂದ್ಲೇ.

ಡಬ್ಬ ತೆರೆಯೋಕೆ ಮುಂಚೆ

ಇಟ್ಟಿಗೆಗೂ ಪೇಂಟ್ ಹೊಡೆದುಬಿಡೋಣ ಅನ್ನೋ ಆಸೆ ಬಂದ್ರೆ ತಡ್ಕೊಳ್ಳಿ. ಇಟ್ಟಿಗೆ ಉಸಿರಾಡುತ್ತೆ, ಪ್ಲಾಸ್ಟಿಕ್ ಥರ ಮುಚ್ಚೋ ಪೇಂಟ್ ಬಿದ್ರೆ ತೇವ ಒಳಗೇ ಸಿಕ್ಕಿ ಚಳಿಗೆ ಹೆಪ್ಪುಗಟ್ಟಿ ಇಟ್ಟಿಗೆ ಮುಖ ಚಕ್ಕೆ ಚಕ್ಕೆಯಾಗಿ ಉದುರುತ್ತೆ, ವಾಪಸ್ ತೆಗೆಯೋದಂತೂ ದೊಡ್ಡ ರಗಳೆ. ಹಳೇ ಸುಣ್ಣದ ಗಾರೆಗೂ ಇದೇ ಮಾತು, ಅದಕ್ಕೆ ತೇವ ಹೊರಗೆ ಹೋಗೋಕೆ ಬಿಡೋ ಸುಣ್ಣ ಅಥವಾ ಸಿಲಿಕೇಟ್ ಪೇಂಟ್ ಒಳ್ಳೇದು. ಹೊಸ ಸಿಮೆಂಟ್ ಗಾರೆ ಆಗಿದ್ರೆ ಕಮ್ಮಿ ಅಂದ್ರೂ ನಾಲ್ಕು ವಾರ ಒಣಗೋಕೆ ಬಿಡಿ.

ಹಳೇ ಮನೆಯಲ್ಲಿ ಕೆಳಗಿನ ಪದರದಲ್ಲಿ ಸೀಸದ ಪೇಂಟ್ ಇರೋ ಸಾಧ್ಯತೆ ಜಾಸ್ತಿ, ಅಮೆರಿಕದಲ್ಲಿ ಮನೆಗಳಿಗೆ ಅದನ್ನ ನಿಷೇಧ ಮಾಡಿದ್ದೇ 1978ರಲ್ಲಿ, ಆದ್ರಿಂದ ಟೆಸ್ಟ್ ಮಾಡಿಸದೆ ಒಣಗಿದ ಪೇಂಟನ್ನ ಉಜ್ಜಿ ಧೂಳೆಬ್ಬಿಸಬೇಡಿ. ಇಂಗ್ಲೆಂಡ್‌ನಲ್ಲಿ ಲಿಸ್ಟೆಡ್ ಕಟ್ಟಡ (ಸಂರಕ್ಷಣೆ ಪಟ್ಟಿಗೆ ಸೇರಿಸಿರೋ ಹಳೇ ಕಟ್ಟಡ) ಆಗಿದ್ರೆ ಬಣ್ಣ ಬದಲಾಯಿಸೋಕೂ ಅನುಮತಿ ಬೇಕಾಗಬಹುದು, ಸ್ಥಳೀಯ ಕೌನ್ಸಿಲ್‌ನಲ್ಲಿ ಮೊದಲೇ ಕೇಳ್ಕೊಳ್ಳಿ.

ಹೊಳಪಿನ ವಿಷಯ ಎರಡೇ ಮಾತು, ಗೋಡೆಗೆ ಮ್ಯಾಟ್, ಮರಕ್ಕೆ ಸಣ್ಣ ಹೊಳಪಿನ ಸ್ಯಾಟಿನ್. ಗೋಡೆ ಹೊಳೆದ್ರೆ ಗಾರೆಯ ಉಬ್ಬು ತಗ್ಗೆಲ್ಲ ಎತ್ತಿ ತೋರಿಸುತ್ತೆ. ಡಬ್ಬದ ಮೇಲೆ ಇಷ್ಟು ಲೀಟರ್‌ಗೆ ಇಷ್ಟು ಜಾಗ ಅಂತ ಬರೆದಿರ್ತಾರಲ್ಲ, ಅದು ನುಣುಪು ಗೋಡೆ ಲೆಕ್ಕ, ಒರಟು ಗಾರೆ ಅದಕ್ಕಿಂತ ಹೆಚ್ಚು ಕುಡಿಯುತ್ತೆ, ಕೆಲವು ಸಲ ಡಬಲ್. ಗೋಡೆ ಮೊದಲು ಮುಗಿಸಿ ಆಮೇಲೆ ಮರಕ್ಕೆ ಬನ್ನಿ, ಮರದ ಮೇಲೆ ಚೆಲ್ಲಿದ ಗೋಡೆ ಬಣ್ಣ ಮುಚ್ಚಿ ಹೋಗುತ್ತೆ, ಒರಟು ಗಾರೆ ಮೇಲೆ ಬಿದ್ದ ಕಂದು ಹನಿ ಅಷ್ಟು ಸುಲಭಕ್ಕೆ ಹೋಗಲ್ಲ. ಆಮೇಲೆ ಬಣ್ಣದ ಕೋಡ್ ನಂಬರನ್ನ ಡಬ್ಬದ ಮುಚ್ಚಳದ ಮೇಲಲ್ಲ, ಮೈ ಮೇಲೆ ಬರೆದಿಡಿ, ಮುಚ್ಚಳಗಳು ಅದಲು ಬದಲಾಗ್ತಾನೇ ಇರುತ್ವೆ.