ಆಕ್ಟಿನ್ ತಂತುವಿನ ರಚನೆಯನ್ನು ಕ್ಷ-ಕಿರಣದಿಂದ ಅರಿಯುವುದು ಹೇಗೆ?

ಕೈ ಎತ್ತಿದಾಗಲೂ ಹೃದಯ ಬಡಿದಾಗಲೂ ಸ್ನಾಯುಕೋಶದೊಳಗೆ ಮಯೋಸಿನ್ ಎಂಬ ಪ್ರೋಟೀನ್ ಹಿಡಿದು ಎಳೆಯುವುದು ಆಕ್ಟಿನ್ ಎಂಬ ಪ್ರೋಟೀನಿನ ತಂತುಗಳನ್ನು. ಹಂಗೇರಿಯ ಸೆಗೆಡ್ ನಗರದಲ್ಲಿ ಸ್ಟ್ರೌಬ್ ಅವರು ಇದನ್ನು ವರ್ಣಿಸಿದ್ದು 1942ರಲ್ಲಿ. ಆದರೆ ಅದರ ಪರಮಾಣು ಮಟ್ಟದ ರಚನೆ ಪ್ರಕಟವಾದದ್ದು 1990ರಲ್ಲಿ. ಈ ವಿಳಂಬದ ಕಾರಣ ತಿಳಿದರೆ ವಿಧಾನದ ಅರ್ಧಭಾಗ ತಿಳಿದಂತೆಯೇ. ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿಗಳ ಕಾಲೇಜುಗಳಲ್ಲಿ ಜೀವರಸಾಯನ ವಿಜ್ಞಾನ ಓದುತ್ತಿರುವವರಿಗಾಗಿ ಆ ಹಂತಗಳನ್ನು ಇಲ್ಲಿ ವಿವರಿಸಲಾಗಿದೆ.

ಕ್ಷ-ಕಿರಣದಿಂದ ಪ್ರೋಟೀನಿನ ಪರಮಾಣುಗಳ ಸ್ಥಾನವನ್ನು ಅರಿಯಲು ಸಾಮಾನ್ಯವಾಗಿ ಅದನ್ನು ಹರಳಾಗಿಸಬೇಕು. ಹರಳು ಎಂದರೆ ಒಂದೇ ಬಗೆಯ ಅಣುಗಳು ಮೂರೂ ದಿಕ್ಕಿನಲ್ಲಿ ಒಂದೇ ಕ್ರಮದಲ್ಲಿ ಜೋಡಣೆಗೊಂಡ ಘನವಸ್ತು. ಆಕ್ಟಿನ್ ತಂತುಗಳಾದರೋ ಒಂದೊಂದೂ ಒಂದೊಂದು ಉದ್ದ. ಹುರಿಗೊಳಿಸಿದ ಎರಡೆಳೆಯ ಹಗ್ಗದಂತೆ ಕಾಣುವ ಈ ಸುರುಳಿಯಲ್ಲಿ ಪ್ರತಿಯೊಂದು ಅಣುವೂ ಹಿಂದಿನದಕ್ಕಿಂತ ಸುಮಾರು 27.5 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಭಾಗ) ಮುಂದಕ್ಕೆ ಸರಿದು, ಸುಮಾರು 167 ಡಿಗ್ರಿ ತಿರುಗಿ ಕೂರುತ್ತದೆ. ಹರಳಿನ ಸಮಮಿತಿಯಾದರೋ 2, 3, 4, 6 ಮಡಿಯ ಆವರ್ತನೆಗಳನ್ನು ಮಾತ್ರ ಒಪ್ಪುತ್ತದೆ, ತಂತುವಿನ ಈ ತಿರುವು ಅದಕ್ಕೆ ಹೊಂದುವುದಿಲ್ಲ. ಆದ್ದರಿಂದ ತಂತುವನ್ನೇ ಹರಳಾಗಿಸುವ ಯತ್ನವನ್ನು ಬಿಟ್ಟು, ಮೊದಲು ಬಿಡಿ ಅಣುವಿನ ರಚನೆಯನ್ನು ಪಡೆದು, ಅನಂತರ ಅದನ್ನು ತಂತುವಿನಲ್ಲಿ ಕೂರಿಸಿ ನೋಡುವುದೇ ಸರಿಯಾದ ದಾರಿಯಾಯಿತು.

ಮೊದಲ ಕೆಲಸ ಶುದ್ಧೀಕರಣ. ಮೊಲದ ಅಥವಾ ಕೋಳಿಯ ಸ್ನಾಯುವನ್ನು ಅರೆದು, ತೊಳೆದು, ಅಸಿಟೋನಿನಿಂದ ಒಣಗಿಸಿದರೆ ಬಹುಕಾಲ ಶೀತದಲ್ಲಿ ಇಡಬಹುದಾದ ಪುಡಿ ದೊರೆಯುತ್ತದೆ. ಅದನ್ನು ಸ್ವಲ್ಪ ಎಟಿಪಿ (ಕೋಶಕ್ಕೆ ಶಕ್ತಿ ಒದಗಿಸುವ ಅಣು) ಮತ್ತು ಕ್ಯಾಲ್ಸಿಯಂ ಇರುವ, ಲವಣ ಕಡಿಮೆಯಿರುವ ತಣ್ಣನೆಯ ಬಫರಿನಲ್ಲಿ ನೆನೆಸಿದಾಗ ಆಕ್ಟಿನ್ ಕರಗಿ ಹೊರಬರುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಮೆಗ್ನೀಸಿಯಂ ಸೇರಿಸಿದ ಕೂಡಲೇ ಅಣುಗಳು ಪರಸ್ಪರ ಕೂಡಿ ತಂತುಗಳಾಗುತ್ತವೆ. ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ಅವನ್ನು ತಳಕ್ಕಿಳಿಸಿ, ಲವಣವನ್ನು ತೆಗೆದರೆ ಮತ್ತೆ ಬಿಡಿ ಅಣುಗಳಾಗುತ್ತವೆ. ಕೂಡಿ ಬಿಡುವ ಈ ಗುಣವೇ ಶುದ್ಧೀಕರಣಕ್ಕೆ ನೆರವಾಗುತ್ತದೆ.

ಎರಡನೆಯ ಹಂತವೇ ನಿರ್ಣಾಯಕವೆಂಬುದು ನನ್ನ ಅಭಿಪ್ರಾಯ. ಹರಳು ಬೆಳೆಸಲು ಪ್ರೋಟೀನನ್ನು ಸಾಂದ್ರಗೊಳಿಸಲೇಬೇಕು, ಆದರೆ ಸಾಂದ್ರಗೊಳಿಸಿದರೆ ಆಕ್ಟಿನ್ ತಂತುವಾಗಲು ಹವಣಿಸುತ್ತದೆ. ಹೀಗಾಗಿ ಅಣುಗಳು ಕೂಡುವ ಜಾಗವನ್ನು ಮೊದಲೇ ಮುಚ್ಚಬೇಕಾಗುತ್ತದೆ. ಕಾಬ್ಷ್, ಮಾನ್‌ಹೆರ್ಟ್ಸ್, ಹೋಮ್ಸ್ ಮತ್ತು ಸಂಗಡಿಗರು 1990ರಲ್ಲಿ ಡಿಎನ್ಏಸ್-1 ಎಂಬ ಕಿಣ್ವವನ್ನು ಆಕ್ಟಿನ್ನಿಗೆ ಅಂಟಿಸಿ ಜೋಡಿಯನ್ನೇ ಹರಳಾಗಿಸಿದರು. ಮುಂದೆ ಆಕ್ಟಿನ್ನಿಗೆ ಅಂಟುವ ಬೇರೆ ಪ್ರೋಟೀನುಗಳಾದ ಜೆಲ್ಸೋಲಿನ್ನಿನ ತುಣುಕು ಮತ್ತು ಪ್ರೊಫಿಲಿನ್ ಇದೇ ಕೆಲಸಕ್ಕೆ ಬಂದವು. 2001ರಲ್ಲಿ ಡೊಮಿಂಗೆಜ್ ಅವರ ತಂಡವು 374ನೆಯ ಸ್ಥಾನದಲ್ಲಿರುವ ಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ರೋಡಮೀನ್ ಬಣ್ಣವನ್ನು ಬೆಸೆದು, ಬೇರಾವ ಪ್ರೋಟೀನಿನ ಜೊತೆಯೂ ಇಲ್ಲದ ಆಕ್ಟಿನ್ನಿನ ರಚನೆಯನ್ನು 1.54 ಆಂಗ್‌ಸ್ಟ್ರಾಂ ಸ್ಪಷ್ಟತೆಯಲ್ಲಿ ಪಡೆಯಿತು.

ಮೂರನೆಯದಾಗಿ ಹರಳು ಬೆಳೆಸುವುದು. ಪ್ರೋಟೀನಿನ ಒಂದು ಮೈಕ್ರೊಲೀಟರಿಗೆ ಅಷ್ಟೇ ಪ್ರಮಾಣದ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು ಬೆರೆಸಿ, ಆ ಹನಿಯನ್ನು ಗಾಜಿನ ಚೂರಿನಿಂದ ತಲೆಕೆಳಗಾಗಿ ತೂಗಿಬಿಟ್ಟು, ಕೆಳಗೆ ಹೆಚ್ಚು ಸಾಂದ್ರವಾದ ಅದೇ ದ್ರಾವಣವನ್ನಿಟ್ಟು ಬಿಗಿಯಾಗಿ ಮುಚ್ಚುತ್ತಾರೆ. ಹನಿಯ ನೀರು ನಿಧಾನವಾಗಿ ಆವಿಯಾಗಿ ಕೆಳಗಿನ ದ್ರಾವಣವನ್ನು ಸೇರಿದಂತೆ ಹರಳು ಮೂಡುತ್ತದೆ. ಉಷ್ಣತೆಯ ಏರಿಳಿತವನ್ನು ಈ ಹನಿ ಸಹಿಸುವುದಿಲ್ಲ. ಏಪ್ರಿಲ್-ಮೇ ತಿಂಗಳ ಹುಬ್ಬಳ್ಳಿಯ ಬಿಸಿಲಿನಲ್ಲಿ, ವಿದ್ಯುತ್ ಕೈಕೊಡುವ ಮಧ್ಯಾಹ್ನಗಳಲ್ಲಿ, ಪ್ರಯೋಗ ನಡೆಸುವವರು ಬ್ಯಾಟರಿ ಬೆಂಬಲವುಳ್ಳ ಇನ್‌ಕ್ಯುಬೇಟರನ್ನು ಮೊದಲು ಹೊಂದಿಸಿಕೊಳ್ಳಬೇಕು. ಕೈ ಪಳಗಲು ಆಕ್ಟಿನ್ನಿಗಿಂತ ಮುಂಚೆ ಕೋಳಿಮೊಟ್ಟೆಯ ಲೈಸೋಜೈಮನ್ನು ಉಪ್ಪಿನ ದ್ರಾವಣದಲ್ಲಿ ಹರಳಾಗಿಸುವುದು ಒಳ್ಳೆಯದು. ಅದು ಬೇಗ ಫಲ ಕೊಡುತ್ತದೆ.

ಹರಳನ್ನು ನೈಲಾನ್ ಕುಣಿಕೆಯಲ್ಲಿ ಎತ್ತಿ, ಗ್ಲಿಸರಾಲ್ ಬೆರೆತ ದ್ರಾವಣದಲ್ಲಿ ಅದ್ದಿ, ದ್ರವ ಸಾರಜನಕದಲ್ಲಿ ತಣಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಕ್ಷ-ಕಿರಣಕ್ಕೆ ಒಡ್ಡುತ್ತಾರೆ. ಪ್ರಬಲ ಕ್ಷ-ಕಿರಣ ಒದಗಿಸುವ ಯಂತ್ರವಾದ ಇಂದೋರಿನ ಇಂಡಸ್-2 ಸಿಂಕ್ರೊಟ್ರಾನಿನಲ್ಲಿ ಪ್ರೋಟೀನ್ ಹರಳುಗಳಿಗೆಂದೇ ಒಂದು ಕಿರಣರೇಖೆಯಿದೆ. ಹರಳಿನಿಂದ ಚದುರಿದ ಕಿರಣಗಳು ಚುಕ್ಕೆಗಳಾಗಿ ದಾಖಲಾಗುತ್ತವೆ. ಅವುಗಳಿಂದ ತೀವ್ರತೆ ಸಿಗುತ್ತದೆ, ಅಲೆಗಳ ಫೇಸ್, ಅಂದರೆ ಏರಿಳಿತದಲ್ಲಿ ಅಲೆ ಎಲ್ಲಿದೆ ಎಂಬುದು, ಸಿಗುವುದಿಲ್ಲ. ನಕ್ಷೆ ಕಟ್ಟಲು ಎರಡೂ ಬೇಕು. ಈಗ ಆಕ್ಟಿನ್ನಿನ ಹಳೆಯ ರಚನೆಯೊಂದನ್ನೇ ಮಾದರಿಯಾಗಿಟ್ಟು ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಅನಂತರ ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆಯಲ್ಲಿ 375 ಅಮೈನೊ ಆಮ್ಲಗಳನ್ನು ಕೂರಿಸಿ, ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಅವರ ತಂಡ 1963ರಲ್ಲಿ ರೂಪಿಸಿದ ನಕ್ಷೆಯಿಂದ ಪ್ರೋಟೀನ್ ಸರಪಳಿಯ ತಿರುವಿನ ಕೋನಗಳನ್ನು ಪರೀಕ್ಷಿಸಬೇಕು.

ಇಲ್ಲಿಗೆ ಕೆಲಸ ಮುಗಿಯಿತೆಂದು ಭಾವಿಸಬಾರದು, ಏಕೆಂದರೆ ದೊರೆತದ್ದು ಬಿಡಿ ಅಣುವಿನ ರಚನೆ ಮಾತ್ರ. ತಂತುಗಳನ್ನು ಒಂದೇ ದಿಕ್ಕಿಗೆ ಸಾಲುಗೂಡಿಸಿದ ಜೆಲ್ಲಿನ ಮೇಲೆ ಕ್ಷ-ಕಿರಣ ಹಾಯಿಸಿ, ಮೂಡುವ ಪದರ ರೇಖೆಗಳಿಗೆ (ಸುರುಳಿಯಿಂದ ಚದುರಿದ ಕಿರಣದ ಅಡ್ಡಗೆರೆಗಳಿಗೆ) ಒಪ್ಪುವಂತೆ ಅಣುವನ್ನು ಸುರುಳಿಯಲ್ಲಿ ಕೂರಿಸಿದವರು ಹೋಮ್ಸ್ ತಂಡದವರು, ಅದೂ 1990ರಲ್ಲಿಯೇ. 2009ರಲ್ಲಿ ಜಪಾನಿನ ಓಡಾ ಮತ್ತು ಸಂಗಡಿಗರು ಪ್ರಬಲ ಕಾಂತಕ್ಷೇತ್ರದಲ್ಲಿ ತಂತುಗಳನ್ನು ಸಾಲುಗೂಡಿಸಿ, ತಂತುವಿಗೆ ಸೇರುವಾಗ ಅಣುವಿನ ಎರಡು ಭಾಗಗಳು ಸುಮಾರು 20 ಡಿಗ್ರಿ ತಿರುಗಿ ಚಪ್ಪಟೆಯಾಗುತ್ತವೆಂದು ತೋರಿಸಿದರು. ಹರಳಿನ ಅಣುವನ್ನು ಹಾಗೆಯೇ ಎತ್ತಿ ತಂತುವಿನಲ್ಲಿಟ್ಟರೆ ಸಾಲದೆಂಬುದು ಇದರಿಂದ ಖಚಿತವಾಯಿತು. ಇತ್ತೀಚಿನ ವರ್ಷಗಳಲ್ಲಿ ತಂತುವಿನ ವಿವರಗಳನ್ನು ಹೆಚ್ಚಾಗಿ ಅತಿಶೀತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಒದಗಿಸುತ್ತಿದೆ.

ಉಪಕರಣಗಳಿಲ್ಲದವರೂ ರಚನೆಯನ್ನು ನೋಡಬಹುದು. ಪ್ರೋಟೀನ್ ರಚನೆಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ ಜಾಲತಾಣ ಉಚಿತವಾಗಿದ್ದು, ಅಲ್ಲಿ 1ಎಟಿಎನ್ ಎಂಬ ಸಂಕೇತವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕಿದರೆ 1990ರ ಜೋಡಿ ತೆರೆದುಕೊಳ್ಳುತ್ತದೆ. ಆಕ್ಟಿನ್ನಿನ ನಾಲ್ಕು ಉಪವಲಯಗಳನ್ನು ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ, ನಡುವಿನ ಸೀಳಿನಲ್ಲಿರುವ ಎಟಿಪಿ ಮತ್ತು ಕ್ಯಾಲ್ಸಿಯಮನ್ನು ಹುಡುಕಿರಿ. ಎರಡನೆಯ ಉಪವಲಯದ ಕುಣಿಕೆಯನ್ನು ಡಿಎನ್ಏಸ್ ಹಿಡಿದಿರುವುದು ಕಾಣುತ್ತದೆ. ತಂತುವಿನಲ್ಲಿ ಅದೇ ಕುಣಿಕೆಯು ಪಕ್ಕದ ಆಕ್ಟಿನ್ ಅಣುವಿಗೆ ತಗುಲಿಕೊಳ್ಳುತ್ತದೆ.