ದರ ಕೊನೆಗೆ, ಲೆಕ್ಕ ಮೊದಲು: ಆಸ್ತಿ ತೆರಿಗೆಗೆ ಹಲವು ದರ ಇಡುವುದು ಹೇಗೆ?

ಮನೆಗೊಂದು, ಮಳಿಗೆಗೊಂದು, ಖಾಲಿ ನಿವೇಶನಕ್ಕೆ ಇನ್ನೊಂದು ದರ ಇಡಲು ನಗರಾಡಳಿತಕ್ಕೆ ಮನಸ್ಸಿದ್ದರೆ ಸಾಲದು, ಕಾನೂನಿನ ಅನುಮತಿ ಬೇಕು. ಎಲ್ಲ ಆಸ್ತಿಗೂ ಒಂದೇ ದರ ಎಂಬ ನಿಯಮ ಇರುವಲ್ಲಿ ಅದನ್ನು ಸಡಿಲಿಸುವುದೇ ಮೊದಲ ಹೆಜ್ಜೆ. ಅಮೆರಿಕದ ಮ್ಯಾಸಚೂಸೆಟ್ಸ್ 1978ರಲ್ಲಿ ರಾಜ್ಯ ಸಂವಿಧಾನವನ್ನೇ ತಿದ್ದಿ ಈ ದಾರಿ ತೆರೆಯಿತು. ಜೊತೆಗೆ, ಮನೆಗಳ ಹೊರೆಯನ್ನು ವಾಣಿಜ್ಯ ಆಸ್ತಿಗಳ ಮೇಲೆ ಎಷ್ಟರಮಟ್ಟಿಗೆ ಸರಿಸಬಹುದು ಎಂಬುದಕ್ಕೆ ಕಾನೂನಿನಲ್ಲಿ ಮಿತಿಯೂ ಇದೆ. ಮಿತಿ ಬೇಕೇ ಬೇಕು; ಮನೆಯವರಿಗೆ ಮತವಿದೆ, ಗೋದಾಮಿಗೆ ಇಲ್ಲ!

ಎರಡನೆಯದು, ಮೌಲ್ಯಮಾಪನ. ಜಾಗದ ಬೆಲೆ, ಕಟ್ಟಡದ ಬೆಲೆ ಎರಡನ್ನೂ ಬೇರೆಬೇರೆಯಾಗಿ ಬರೆದಿಡಿ, ಆಗಾಗ ಪರಿಷ್ಕರಿಸಿ. 1913ರ ಕಾನೂನಿನಿಂದ ಅಮೆರಿಕದ ಪಿಟ್ಸ್‌ಬರ್ಗ್ ನಗರ ಜಾಗಕ್ಕೆ ಹೆಚ್ಚು, ಕಟ್ಟಡಕ್ಕೆ ಕಡಿಮೆ ದರ ವಿಧಿಸುತ್ತ ಬಂದಿತ್ತು. ಮರುಮೌಲ್ಯಮಾಪನದಲ್ಲಿ ಜಾಗದ ಬೆಲೆ ಒಮ್ಮೆಲೇ ಜಿಗಿದಾಗ ಜನ ರೊಚ್ಚಿಗೆದ್ದರು. 2001ರಲ್ಲಿ ಪದ್ಧತಿಯೇ ಹೋಯಿತು.

ಇನ್ನು ದರ. ಬೇಕಾದ ಒಟ್ಟು ಮೊತ್ತ ಗೊತ್ತುಮಾಡಿಕೊಂಡೇ ಇಲ್ಲಿಗೆ ಬರಬೇಕು. ಎರಡು ಆಸ್ತಿಗಳಿವೆ ಎನ್ನಿ. ಒಂದು 50 ಲಕ್ಷದ ಖಾಲಿ ನಿವೇಶನ. ಇನ್ನೊಂದು ಅಷ್ಟೇ ಬೆಲೆಯ ಜಾಗದಲ್ಲಿ 50 ಲಕ್ಷದ ಮನೆ. ಎಲ್ಲಕ್ಕೂ ಶೇ 1 ದರವಿದ್ದರೆ ನಿವೇಶನಕ್ಕೆ 50,000, ಮನೆಗೆ 1 ಲಕ್ಷ. ಜಾಗಕ್ಕೆ ಶೇ 1.25, ಕಟ್ಟಡಕ್ಕೆ ಶೇ 0.5 ಮಾಡಿ ನೋಡಿ: ನಿವೇಶನಕ್ಕೆ 62,500, ಮನೆಗೆ 87,500. ಎರಡು ಬಗೆಯಲ್ಲೂ ಬೊಕ್ಕಸಕ್ಕೆ ಬರುವುದು 1.5 ಲಕ್ಷವೇ. ಆದರೆ ಮನೆ ಕಟ್ಟಿದವರ ಹೊರೆ ಇಳಿದು, ಬೆಲೆ ಏರಲೆಂದು ಜಾಗವನ್ನು ಪಾಳು ಬಿಟ್ಟವರ ಹೊರೆ ಏರಿತು. ನನಗಂತೂ ಬಳಕೆಯ ಪ್ರಕಾರ ವರ್ಗ ಮಾಡುವುದಕ್ಕಿಂತ ಇದೇ ಮೇಲು ಅನಿಸುತ್ತದೆ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟರೆ ಅದು ಮನೆಯೋ ಅಂಗಡಿಯೋ ಎಂಬ ಜಗಳವೇ ಇರುವುದಿಲ್ಲ.

ಖಾಲಿ ಬಿದ್ದ ಮನೆಗಳಿಗೂ ಹೆಚ್ಚು ತೆರಿಗೆ ಬೇಕೆಂದರೆ ‘ಖಾಲಿ’ ಎಂದರೇನು ಎಂದು ಮೊದಲೇ ಬರೆಯಿರಿ. 2017ರಲ್ಲಿ ಕೆನಡಾದ ವ್ಯಾಂಕೂವರ್ ಶೇ 1ರಿಂದ ಇದನ್ನು ಆರಂಭಿಸಿತು. ವಾಸವಿದೆಯೋ ಇಲ್ಲವೋ ಎಂದು ಮಾಲೀಕರು ಪ್ರತಿವರ್ಷ ಘೋಷಿಸಬೇಕು.

ಕೊನೆಗೆ, ದರ ಜಾರಿಗೆ ಬರುವ ಮೊದಲೇ ಪ್ರತಿಯೊಬ್ಬ ಮಾಲೀಕರಿಗೂ ಮಾದರಿ ಬಿಲ್ ಕಳಿಸಿ. ಹಳೆಯ ತೆರಿಗೆ, ಹೊಸ ತೆರಿಗೆ ಅಕ್ಕಪಕ್ಕ ಇರಲಿ. ಏರಿಕೆ ದೊಡ್ಡದಿದ್ದರೆ ಮೂರು ನಾಲ್ಕು ವರ್ಷಕ್ಕೆ ಹಂಚಿ. ತಕರಾರು ಸಲ್ಲಿಸುವ ಕೊನೆಯ ದಿನಾಂಕವನ್ನು ಬಿಲ್ಲಿನ ಮುಖಪುಟದಲ್ಲೇ ಅಚ್ಚುಮಾಡಿ, ಹಿಂಬದಿಯ ಸಣ್ಣಕ್ಷರದಲ್ಲಿ ಅಲ್ಲ.